ಸಿನಗಾಗ್ ಲೈಬ್ರರಿಯೂ ನನ್ನ ಮರ್ಯಾದೆಯೂ

ನಮ್ಮದು ಮೈಸೂರಿನಲ್ಲಿ ಹೆಸರಿದ್ದ ಮನೆತನ. ಮುತ್ತಜ್ಜ ಸರ್ಕಾರಿ ಖಜಾನೆಯ ಕೀಲಿಕೈ ಇಟ್ಟುಕೊಂಡಿದ್ದವರು, ಅಜ್ಜ ಹೈಸ್ಕೂಲಿನ ಹೆಡ್‌ಮಾಸ್ತರು, ತಂದೆ ನ್ಯಾಯಾಧೀಶರು. ನಮ್ಮ ಕೈಗೆ ಒಪ್ಪಿಸಿದ ವಸ್ತು ಕಳೆದುಹೋಯಿತೆಂದು ಯಾವ ತಲೆಮಾರಿನಲ್ಲೂ ಯಾರೂ ದೂರಿದ್ದಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ರಿಬ್ಬನ್ನಿನ ಗಂಟು ಒಂದಿಷ್ಟು ವಾರೆಯಾದರೂ ಸಿಸ್ಟರ್‌ಗಳು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ಇಂಥ ನನ್ನನ್ನು ಕಳೆದ ತಿಂಗಳು, ಇಲ್ಲಿ ಅಮೆರಿಕದ ಬೆಲ್ವ್ಯೂ ಕಡೆಯ ಒಂದು ಸಿನಗಾಗ್‌ನಲ್ಲಿ, ಊಟಕ್ಕೆ ಕೂತ ಜನರೆಲ್ಲರ ಎದುರು ‘ಅಜಾಗರೂಕರು’ ಎಂದರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಫಿ ಬೆರೆಸುತ್ತೇನೆ, ಕುಡಿಯುವುದಿಲ್ಲ. ಸಾಂಬಾರದ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸುತ್ತೇನೆ. ಜೀವ ತಡೆಯದೆ ಎಲ್ಲ ಕೆಳಗಿಳಿಸಿ ಎತ್ತರದ ಪ್ರಕಾರ ಜೋಡಿಸುತ್ತೇನೆ.

ಸಿನಗಾಗ್ ಎಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ. ಯೂನಿವರ್ಸಿಟಿ ಲೈಬ್ರರಿಯಿಂದ ನಿವೃತ್ತಳಾದ ಮೇಲೆ ನಮ್ಮ ಯಜಮಾನರ ಹಳೆಯ ಸಹೋದ್ಯೋಗಿಯೊಬ್ಬರು ಕೇಳಿಕೊಂಡರೆಂದು ಅಲ್ಲಿನ ಲೈಬ್ರರಿಯನ್ನು ವಹಿಸಿಕೊಂಡೆ. ಜನ ಒಳ್ಳೆಯವರು. ಆದರೆ ಏನಾದರೂ ಒಂದು ಆಗದ ವಾರ ಮಾತ್ರ ಅಲ್ಲಿಲ್ಲ.

೧. ಸದ್ದು

ನಾನು ಮೊದಲು ಮಾಡಿದ ಕೆಲಸ ‘ಸದ್ದು ಮಾಡಬೇಡಿ’ ಎಂಬ ಬೋರ್ಡು ತೂಗುಹಾಕಿದ್ದು. ಮರುದಿನವೇ ಅದರ ಕೆಳಗೆ ಇಬ್ಬರು ವೃದ್ಧರು ಒಂದೇ ಪುಸ್ತಕ ಬಿಚ್ಚಿಟ್ಟುಕೊಂಡು, ಮೇಜು ಗುದ್ದಿ ಗುದ್ದಿ ಕಿರುಚಾಡುತ್ತಿದ್ದರು. ನಾನು ಓಡಿಹೋಗಿ ನಡುವೆ ನಿಂತೆ.

“ಏನು ಜಗಳ ಇದು?”

“ಜಗಳ ಯಾರು ಆಡ್ತಿದ್ದಾರೆ? ಓದ್ತಾ ಇದ್ದೀವಿ ಮೇಡಂ.”

ಧರ್ಮಗ್ರಂಥವನ್ನು ಇಬ್ಬರು ಜೊತೆಯಾಗಿ, ಗಟ್ಟಿಯಾಗಿ, ವಾದ ಮಾಡುತ್ತ ಓದುವುದೇ ಅವರ ಕ್ರಮವಂತೆ. ನಾನು ಬಿಡಲಿಲ್ಲ. “ಹಾಗಾದರೆ ಒಬ್ಬರು ಹೊರಗೆ ಹೋಗಿ, ಒಬ್ಬರು ಇಲ್ಲಿ ಓದಿ” ಎಂದೆ.

ಇಬ್ಬರಲ್ಲಿ ಹಿರಿಯರು ಗಾಬರಿಯಾದರು. “ಅವನು ಹೋದರೆ ನಾನು ಯಾರಿಗೆ ಮೂರ್ಖ ಅನ್ನಲಿ?”

೨. ಕತ್ತಲೆ

ಶನಿವಾರ ಅವರಿಗೆ ಸಬ್ಬತ್. ಅಂದು ಬರೆಯಬಾರದು, ದೀಪ ಹಾಕಬಾರದು, ಹಾಕೆಂದು ಬೇರೆಯವರಿಗೆ ನೇರವಾಗಿ ಹೇಳಲೂ ಬಾರದು. ಇದರಲ್ಲಿ ಕೊನೆಯದನ್ನು ನನಗೆ ಯಾರೂ ತಿಳಿಸಿರಲಿಲ್ಲ. ಲೈಬ್ರರಿಯ ದೀಪಗಳಿಗೆ ಟೈಮರ್ ಇತ್ತು. ಒಂದು ಶನಿವಾರ ಅದು ಕೈಕೊಟ್ಟಿತು. ಒಬ್ಬರು ಪುಸ್ತಕ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

“ಇವತ್ತು ಒಳಗೆ ಸ್ವಲ್ಪ ಕತ್ತಲೆ, ಅಲ್ವಾ ಮೇಡಂ?”

“ಹೌದು ಸರ್. ನವೆಂಬರ್.”

“ಅಕ್ಷರಾನೇ ಕಾಣ್ತಿಲ್ಲ.”

“ಕನ್ನಡಕದ ನಂಬರ್ ಬದಲಾಗಿರಬೇಕು. ಕಣ್ಣು ತೋರಿಸಿಕೊಳ್ಳಿ.”

“ಯಾರಾದರೂ ಪುಣ್ಯಾತ್ಮರು ಆ ಗೋಡೆ ಹತ್ತಿರ ಹಾಗೇ ಸುಮ್ಮನೆ ನಡೆದುಹೋದರೆ…”

“ಗೋಡೆ ಹತ್ತಿರ ಯಾರೂ ಇಲ್ಲ ಸರ್.”

ಪಾಪ, ಅವರು ಕಿಟಕಿಗೆ ಆತುಕೊಂಡು ಓದಿ ಹೋದರು. ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು, ಜೊತೆಗೆ ‘ದಯವಿಟ್ಟು’ ಸೇರಿಸಬೇಕು ಎಂದು ಕಲಿತವಳಿಗೆ ಈ ಸೂಚನೆ ಹೊಳೆಯುವುದು ಹೇಗೆ? ಮರುದಿನ ರಬ್ಬಿಯವರು, ಅಂದರೆ ಅಲ್ಲಿನ ಗುರುಗಳು, ವಿಷಯ ಬಿಡಿಸಿ ಹೇಳಿದರು. ಅಲ್ಲಿಂದ ಮುಂದೆ ನಾನು ಕಿವಿ ನಿಮಿರಿಸಿಯೇ ಕೂರುತ್ತೇನೆ. ಮೊನ್ನೆ ಒಬ್ಬಾಕೆ “ಹೊರಗೆ ಮಳೆ” ಎಂದರು. ತಕ್ಷಣ ಎದ್ದು ದೀಪ, ಫ್ಯಾನು, ಹೀಟರು ಮೂರನ್ನೂ ಹಾಕಿ ಬಂದೆ. ಆಕೆ ಹೇಳಿದ್ದು ಬರೀ ಮಳೆಯ ವಿಷಯವಂತೆ.

೩. ಡಬ್ಬಿ

ಹೊರಗಿನ ಅಡುಗೆ ಆ ಕಟ್ಟಡದ ಒಳಗೆ ಬರುವಂತಿಲ್ಲ. ನನ್ನ ಮೊಸರನ್ನದ ಡಬ್ಬಿಯನ್ನು ಅಡುಗೆಮನೆ ನೋಡಿಕೊಳ್ಳುವ ಹೆಂಗಸು ಬಾಗಿಲಲ್ಲೇ ತಡೆದರು. ನನಗೆ ಬೇಸರವಾಗುತ್ತದೆಂದು ಅವರೇ ಸಂಕೋಚಪಟ್ಟು, ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ ಎಂದೆಲ್ಲ ವಿವರಿಸತೊಡಗಿದರು. ನಾನು ನಿಲ್ಲಿಸಿದೆ.

“ನನಗೆ ಹೇಳಬೇಡಿ. ಮುಸುರೆ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟಿದರೆ ನಮ್ಮಜ್ಜಿ ಎಲ್ಲರನ್ನೂ ಊಟದಿಂದ ಎಬ್ಬಿಸುತ್ತಿದ್ದರು. ಮಡಿಗೆಂದು ಒಣಗಿಸಿದ ಸೀರೆಯನ್ನು ಸೊಸೆ ಕೋಲಿನಲ್ಲಿ ಎತ್ತಿ ತರಬೇಕಿತ್ತು.”

ಆಕೆಯ ಕಣ್ಣು ಅರಳಿತು. ಮುಂದಿನ ವಾರ ತಮ್ಮ ಸೊಸೆಯನ್ನು ಕೈಹಿಡಿದು ಲೈಬ್ರರಿಗೆ ಕರೆತಂದು ನನ್ನೆದುರು ಕೂರಿಸಿದರು.

“ಇವಳಿಗೆ ನಿಮ್ಮಜ್ಜಿ ವಿಷಯ ಮೊದಲಿಂದ ಹೇಳಿ.”

ಹೇಳಿದೆ, ಏನೂ ಬಿಡದೆ. ಆ ಸೊಸೆ ಇಂದಿನವರೆಗೂ ಲೈಬ್ರರಿಯ ಕಡೆ ತಲೆ ಹಾಕಿಲ್ಲ.

೪. ಮಣ್ಣು

ಹರಿದ ಪ್ರಾರ್ಥನಾ ಪುಸ್ತಕಗಳನ್ನು ಅವರು ಕಸಕ್ಕೆ ಎಸೆಯುವುದಿಲ್ಲ. ಅವುಗಳಲ್ಲಿ ದೇವರ ಹೆಸರಿದೆ. ಕೂಡಿಟ್ಟು, ಆಗಾಗ ಸ್ಮಶಾನಕ್ಕೆ ಒಯ್ದು, ಮನುಷ್ಯರನ್ನು ಮಣ್ಣು ಮಾಡುವ ಹಾಗೆ ಪ್ರಾರ್ಥನೆ ಹೇಳಿ ಹೂಳುತ್ತಾರೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಹೂಳುವ ಪುಸ್ತಕಗಳನ್ನೆಲ್ಲ ನಾನೇ ಒರೆಸಿ ಒಂದು ಪೆಟ್ಟಿಗೆಯಲ್ಲಿ ತುಂಬಿ, ಕಪಾಟಿನೊಳಗೆ ಇಟ್ಟಿದ್ದೆ. ಬೈಂಡಿಂಗಿಗೆ ಹೋಗಬೇಕಾದ ಪುಸ್ತಕಗಳ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಲೈಬ್ರರಿ ಸಮಿತಿಯ ಅಧ್ಯಕ್ಷರನ್ನು ಕರೆದು ಎರಡನ್ನೂ ಕೈಮಾಡಿ ತೋರಿಸಿದೆ. ಅವರು ಫೋನ್ ನೋಡುತ್ತ “ಓಕೆ, ಓಕೆ” ಎಂದರು.

ಹೂಳುವ ಕಾರ್ಯವಿದ್ದ ಭಾನುವಾರ ನಾನು ಮಿಲ್ ಕ್ರೀಕ್‌ನಲ್ಲಿ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಕಪಾಟಿನೊಳಗಿನ ಪೆಟ್ಟಿಗೆ ಇಟ್ಟಲ್ಲೇ ಇದೆ. ಬಾಗಿಲ ಬಳಿ ನೆಲ ಖಾಲಿ. ಅಧ್ಯಕ್ಷರಿಗೆ ಫೋನ್ ಮಾಡಿದೆ.

“ನಿನ್ನೆ ಕಾರ್ಯ ಹೇಗಾಯಿತು ಸರ್?”

“ಬಹಳ ಚೆನ್ನಾಗಾಯ್ತು. ತುಂಬ ಜನ ಅತ್ತರು.”

“ಯಾವುದಕ್ಕೆ ಅತ್ತರು ಗೊತ್ತೇ? ನೀವು ಹೂತು ಬಂದದ್ದು ಪತ್ತೇದಾರಿ ಕಾದಂಬರಿಗಳನ್ನು.”

ಅವರ ದನಿ ಸಣ್ಣಗಾಯಿತು. “ಬರೀ ಕಾದಂಬರಿಗಳಾ?”

“ಒಂದು ಮೀನಿನ ಅಡುಗೆಯ ಪುಸ್ತಕವೂ ಇತ್ತು.”

“ನಮಗೆ ನಿಷಿದ್ಧವಲ್ಲದ ಮೀನು ತಾನೇ?”

ಮಧ್ಯಾಹ್ನ ಮುದುಕಿಯೊಬ್ಬರು ಬಂದರು. ಹಾಳೆ ಉದುರುತ್ತಿದೆಯೆಂದು ಒಂದು ಕಾದಂಬರಿಯನ್ನು ಅರ್ಧ ಓದಿ ವಾಪಸು ಕೊಟ್ಟಿದ್ದವರು. “ನನ್ನ ಪುಸ್ತಕ ಬೈಂಡಿಂಗ್ ಆಯ್ತಾ?” ಎಂದರು. ನಡೆದದ್ದನ್ನು ಹೇಳಿದೆ. ಆಕೆ ಎದೆ ಹಿಡಿದುಕೊಂಡು ಕೂತರು.

“ಅಯ್ಯೋ, ಮೊದಲ ಹಿಡಿ ಮಣ್ಣು ಹಾಕಿದ್ದೇ ನಾನು! ಇನ್ನು ಕೊಂದವನು ಯಾರು ಅಂತ ನನಗೆ ಹೇಗೆ ಗೊತ್ತಾಗಬೇಕು?”

ಅಗೆದು ತೆಗೆಯೋಣವೇ ಎಂದು ಸಮಿತಿಯವರು ರಬ್ಬಿಯವರನ್ನು ಕೇಳಿದರು. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಇಷ್ಟು ಗೌರವದ ಅಂತ್ಯಕ್ರಿಯೆ ಯಾವ ಕೊಲೆಗಾರನಿಗೂ ಸಿಕ್ಕಿರಲಾರದು, ಮಲಗಿರಲಿ ಬಿಡಿ” ಎಂದರು. ನಾನೂ ನಗುತ್ತಿದ್ದೆನೇನೋ. ಆದರೆ ಆ ಶನಿವಾರ ಊಟದ ಹೊತ್ತಿನಲ್ಲಿ ಅಧ್ಯಕ್ಷರು ಎದ್ದು ನಿಂತು, “ನಮ್ಮ ಲೈಬ್ರರಿಯನ್‌ಗೆ ನಮ್ಮ ಪದ್ಧತಿ ಹೊಸದು. ಸ್ವಲ್ಪ ಅಜಾಗರೂಕರು. ಪೆಟ್ಟಿಗೆ ಅದಲುಬದಲಾಯಿತು” ಎಂದುಬಿಟ್ಟರು. ಎಲ್ಲರೂ ನನ್ನತ್ತ ಕನಿಕರದಿಂದ ನೋಡಿದರು. ಆ ಕನಿಕರ ನನಗೆ ಇನ್ನೂ ಚುಚ್ಚುತ್ತಿದೆ.

“ಹೋಗಲಿ ಬಿಡೇ” ಎಂದು ನಮ್ಮ ಯಜಮಾನರು ದಿನಾ ಹೇಳುತ್ತಾರೆ. ಇದನ್ನು ಬರೆಯಲು ಕೂತಾಗ ಹಿಂದಿನಿಂದ ಇಣುಕಿ, “ಅಲ್ಲಾ, ಅವರಿಗೆ ಕನ್ನಡ ಬರಲ್ವಲ್ಲೇ, ಯಾರು ಓದ್ತಾರೆ?” ಎಂದರು.

“ಕಲಿಯಲಿ” ಎಂದೆ.

ಬಾಗಿಲ ಬಳಿಯ ಪೆಟ್ಟಿಗೆಯನ್ನು ಎತ್ತಿದ್ದು ಅಧ್ಯಕ್ಷರು, ನಾನಲ್ಲ. ಎಲ್ಲರ ಎದುರು ಆಡಿದ ಮಾತನ್ನು ಎಲ್ಲರ ಎದುರೇ ಹಿಂತೆಗೆದುಕೊಂಡು, ಅವರು ನನ್ನ ಕ್ಷಮೆ ಕೇಳಬೇಕು.