ಆಡಿಟರ್‌ಗೆ ಸೆಡ್ಡು ಹೊಡೆದ ಸಾಫ್ಟ್‌ವೇರ್

“ಈ ವರ್ಷ ಆಡಿಟರೂ ಬೇಡ, ಗೀಡಿಟರೂ ಬೇಡ! ತೆರಿಗೆ ಫಾರಂ ನಾನೇ ತುಂಬ್ತೀನಿ!” ಎಂದು ನಮ್ಮ ವಾಚ್ ರಿಪೇರಿ ಮಹಾಶಯರು ಭಾನುವಾರ ಬೆಳಿಗ್ಗೆ ಘೋಷಿಸಿಬಿಟ್ಟರು. ಕೂದಲೆಳೆಯಂಥ ಸ್ಪ್ರಿಂಗನ್ನು ಕೂರಿಸುವ ಕೈಗೆ ಅದೇನು ಮಹಾ!

ಇದು ಸಾಫ್ಟ್‌ವೇರ್ ಮೇಲಿನ ಪ್ರೀತಿಯಲ್ಲ, ಅಪ್ಪಟ ಹೊಟ್ಟೆಕಿಚ್ಚು. ವರ್ಷವರ್ಷವೂ ಹೆಂಡತಿ ಫೈಲು ಹಿಡಿದು ಆಡಿಟರ್ ಆಫೀಸಿಗೆ ಹೋಗುವಳು, ಎರಡು ಗಂಟೆ ಬಿಟ್ಟು ನಗುನಗುತ್ತಾ ಬರುವಳು. “ಎಷ್ಟು ಸಮಾಧಾನವಾಗಿ ಕೇಳಿಸ್ಕೋತಾರೆ ರೀ ಅವರು!” ತೆರಿಗೆ ಕಟ್ಟಿ ಬಂದವರು ಯಾರಾದರೂ ನಗುತ್ತಾರೆಯೇ? ಹೆಂಡತಿಯ ಬಾಯಲ್ಲಿ ಪರಪುರುಷನ ಕಿವಿಯ ಗುಣಗಾನ ಕೇಳಿ ಕೇಳಿ ಮಹಾಶಯರಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಕಣ್ಣಲ್ಲಿ ಆ ಆಡಿಟರನ್ನು ಹೇಗಾದರೂ ಮಾಡಿ ಒಂದು ಮೆಟ್ಟಿಲು ಇಳಿಸಲೇಬೇಕಿತ್ತು.

ಹೆಂಡತಿ ತರಕಾರಿಗೆ ಹೋದದ್ದೇ ತಡ, ಕಂಪ್ಯೂಟರ್ ಮುಂದೆ ಕೂತರು. ‘ಸಂಗಾತಿಯ ಉದ್ಯೋಗ?’ ಎಂದಿತು ಸಾಫ್ಟ್‌ವೇರ್. ಮನೆಯಲ್ಲೇ ಹೊಲಿಗೆ, ಎಂದು ತುಂಬಿದರು. ‘ಯಂತ್ರದ ನಂಬರ್?’ ಎಂದಿತು. ನಂಬರ್ ನೋಡಲು ಹಿಂದಿನ ಕೋಣೆಗೆ ಹೋದರು. ಹೊಲಿಗೆ ಯಂತ್ರವೇ ಇಲ್ಲ!

“ಕಳ್ಳತನ! ಕಳ್ಳತನ!”

ಅಕ್ಕಪಕ್ಕದವರು ಓಡಿ ಬಂದರು. ಯಾರೋ ಫೋನ್ ಮಾಡಿ ಪೊಲೀಸ್ ಪೇದೆಯನ್ನೂ ಕರೆಸಿದರು.

“ಕೊನೇ ಸಲ ಯಂತ್ರ ನೋಡಿದ್ದು ಯಾವಾಗ ಸಾರ್?”

“ಇವತ್ತು ಬೆಳಿಗ್ಗೆ! ಈ ಕಣ್ಣಾರೆ ನೋಡಿದೀನಿ!” ಎಂದು ಮಹಾಶಯರು ಎದೆ ತಟ್ಟಿಕೊಂಡರು.

ಯಂತ್ರ ಇದ್ದ ಜಾಗದಲ್ಲಿ ಒಂದು ಹೂಕುಂಡವಿತ್ತು. ಅದರ ಬಳ್ಳಿ ಆಗಲೇ ಅರ್ಧ ಗೋಡೆ ಏರಿತ್ತು. ಪೇದೆ ಬಳ್ಳಿಯನ್ನೊಮ್ಮೆ, ಮಹಾಶಯರನ್ನೊಮ್ಮೆ ನೋಡಿದ.

ಅಷ್ಟರಲ್ಲಿ ಹೆಂಡತಿ ಚೀಲ ಹಿಡಿದು ಒಳಗೆ ಬಂದಳು. “ಅದನ್ನ ಮಾರಿ ಒಂದೂವರೆ ವರ್ಷ ಆಯ್ತಲ್ರೀ! ನಾನೀಗ ಹೊಲಿಗೆ ಶಾಲೇಲಿ ಪಾಠ ಹೇಳ್ತಿಲ್ವಾ?”

“ನನಗೆ ಹೇಳಲೇ ಇಲ್ವಲ್ಲೇ!”

“ಮೂರು ಸಲ ಹೇಳಿದೆ. ಮೂರು ಸಲಾನೂ ‘ಹೂಂ’ ಅಂದ್ರಿ.”

“ಆ ಆಡಿಟರ್‌ಗೆ ಗೊತ್ತಾ?”

“ಅವರು ಕೇಳಿದ್ರು, ಹೇಳಿದೆ.”

ಪೇದೆ ಬರೆದದ್ದನ್ನು ಹೊಡೆದುಹಾಕಿ, ಒಂದು ಲೋಟ ನೀರು ಕುಡಿದು ಹೊರಟುಹೋದ. ಪಕ್ಕದ ಮನೆಯವರು ಮಾತ್ರ ನಗು ಮುಗಿಯುವವರೆಗೂ ಕದಲಲಿಲ್ಲ.

ಮರುದಿನ ಮಹಾಶಯರು ಬಾಲ ಮುದುರಿಕೊಂಡು ಹೆಂಡತಿಯ ಹಿಂದೆ ಆಡಿಟರ್ ಆಫೀಸಿಗೆ ಹೋದರು. ವೈರಿಯನ್ನು ಕಣ್ತುಂಬ ನೋಡಿದರು. ಬೊಕ್ಕತಲೆ, ದಪ್ಪ ಕನ್ನಡಕ, ಅಂಗಿಯ ಮೇಲೆ ಚಹಾದ ಕಲೆ. ಹೊಟ್ಟೆಕಿಚ್ಚು ಕಾಲುಭಾಗ ಇಳಿಯಿತು.

ಆದರೆ ಆಡಿಟರ್ ಇವರನ್ನು ಕಂಡದ್ದೇ ಮುಖ ಗಂಟಿಕ್ಕಿದರು.

“ಆ ವಾಚ್ ರಿಪೇರಿಯವರು ನೀವೇನಾ? ನಿಮ್ಮಿಂದ ನಮ್ಮನೇಲಿ ದಿನಾ ಜಗಳ ಸಾರ್! ‘ನೀವು ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ, ಆ ವಾಚ್‌ನೋರನ್ನ ನೋಡಿ ಕಲೀರಿ’ ಅಂತಾಳೆ ನಮ್ಮಾಕೆ. ಅವಳು ವಾಚಿಗೆ ಒಂದು ಬೆಲ್ಟ್ ಹಾಕ್ಸೋಕೆ ಬಂದ್ರೆ ಒಂದು ಗಂಟೆ ಕೂರಿಸಿ, ಮನೆ ವಿಚಾರ, ಮಂಡಿನೋವು, ತಂಗಿ ಮದುವೆ ಎಲ್ಲಾ ಕೇಳ್ತೀರಂತಲ್ಲ?”

ಹೆಂಡತಿ ಫೈಲು ಮುಚ್ಚಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

“ಒಂದು ಗಂಟೆ?”

ಮಹಾಶಯರ ಬಾಯಿಂದ ಹೊರಟದ್ದು ಒಂದೇ ಮಾತು.

“ಹೂಂ.”