ಕಂಪ್ಯೂಟರಿಗೂ ಅರ್ಧ ತಿಕೀಟು

ನಮ್ಮ ಆಫೀಸಿನಲ್ಲಿ ಏನಾದರೊಂದು ಫಜೀತಿ ಆಗದ ವಾರವೇ ಇಲ್ಲ. ಜೀವ ಹಿಂಡಿದ ಮೇಲೆ ನಿಧಾನಕ್ಕೆ ನಗು ಬರುತ್ತದೆ, ಅಷ್ಟೇ. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ, ಮಾಡಗ್ಯಾಳದ ಆಚೆಗಿರುವ ಕನ್ನಡ ಶಾಲೆಯೊಂದರಲ್ಲಿ ನಾನು ಕ್ಲಾರ್ಕು. ಒಬ್ಬರು ಹೆಡ್‌ಮಾಸ್ತರು, ಜವಾನನ ಕೆಲಸದ ಒಬ್ಬರು ಶಿಪಾಯಿ ಮಾಮಾ, ಒಂದು ಮುದಿ ಕಂಪ್ಯೂಟರು. ಇಷ್ಟೇ ನಮ್ಮ ಸಂಸಾರ.

ಕಣ್ಣು ಬಿದ್ದದ್ದು

ದಸರೆ ಮುಗಿಸಿ ಬಂದು ಬಟನ್ ಒತ್ತಿದೆ. ಕಂಪ್ಯೂಟರು ಕಮಕ್ ಕಿಮಕ್ ಎನ್ನಲಿಲ್ಲ. ಮಾಮಾನ ಮುಖ ಕಪ್ಪಿಟ್ಟಿತು. ತಿಂಗಳ ಕೊನೆಗೆ ಅವರ ನಿವೃತ್ತಿ. ಪೆನ್ಶನ್ ಪ್ರಸ್ತಾವವನ್ನು ನಾನು ಅದರಲ್ಲೇ ಟೈಪ್ ಮಾಡಿಟ್ಟಿದ್ದೆ. ಶನಿವಾರದೊಳಗೆ ಕಳಿಸದಿದ್ದರೆ ಮುಂದೆ ಎಷ್ಟು ತಿಂಗಳು ಅಲೆಯಬೇಕೋ ದೇವರೇ ಬಲ್ಲ.

ನಾನು ವೈರು ಅಲ್ಲಾಡಿಸುತ್ತಿದ್ದರೆ ಮಾಮಾ ಉಪ್ಪು, ಮೆಣಸಿನಕಾಯಿ ತಂದು ಮೂರು ಸುತ್ತು ನಿವಾಳಿಸಿದರು. "ಯಾರದೋ ಕಣ್ಣ ಬಿದ್ದೇತ್ರಿ."

ಹೆಡ್‌ಮಾಸ್ತರು ನಿಟ್ಟುಸಿರಿಟ್ಟು ಅಂದರು: "ಹಂಗ ನನಗೂ ಒಂದೀಟ ಇಳಸ್ರಿ ಮಾಮಾ. ಇದರ ಬಿಲ್ ಪಾಸ್ ಮಾಡಾಂವ ನಾನ ಇದ್ದೀನಿ."

ಕಿಟಕಿ ಸೀಟು

ರಿಪೇರಿಗೆಂದು ಮಾಮಾ ಕಂಪ್ಯೂಟರಿನ ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಜತ್ತಿನ ಬಸ್ಸಿನಲ್ಲಿ ಕೂತರು. ಪಕ್ಕದಲ್ಲಿ ನಾನು. ಕಂಡಕ್ಟರ್ ಬಂದು ಲಗೇಜಿಗೆ ತಿಕೀಟು ಕೇಳಿದ.

"ತೊಡಿ ಮ್ಯಾಲಿನ ಕೂಸಿಗೂ ತಿಕೀಟ ಕೇಳ್ತಿಯೇನಪಾ?"

"ಕೂಸಿಗೆ ಎಷ್ಟ ವರ್ಷ?"

ಸುಳ್ಳು ಹೇಳಿ ಗೊತ್ತಿಲ್ಲದ ಮಾಮಾ "ಹನ್ನೊಂದು" ಅಂದುಬಿಟ್ಟರು.

"ಹಂಗಾದ್ರ ಅರ್ಧ ತಿಕೀಟ."

ತಿಕೀಟು ಕೈಗೆ ಬಂದಿದ್ದೇ ತಡ, ಮಾಮಾ ಕಂಪ್ಯೂಟರನ್ನು ಕಿಟಕಿಯ ಪಕ್ಕ ಕೂರಿಸಿದರು. ಜತ್ತಿನ ತನಕ ತಾವು ನಿಂತೇ ಬಂದರು.

ಮೂರು ಕೊಟೇಶನ್ನು

ಜತ್ತಿನ ರಿಪೇರಿ ಅಂಗಡಿಯ ಭಾಯಿ ಬಿಚ್ಚಿ ನೋಡಿ ಮದರ್‌ಬೋರ್ಡ್ ಹೋಗಿದೆ ಎಂದರು. "ಈ ಥರದ್ದು ಈಗ ಬರೂದಿಲ್ರಿ. ಹೊಸಾದು ಹಾಕಿದ್ರ ಒಳಗಿಂದೆಲ್ಲಾ ಹೊಸಾದು ಬೇಕ. ನನ್ನ ಕಡೆ ಇಂಥಾದ್ದ ಹಳೇದೊಂದು ಐತಿ. ಫೈಲ್ ಉಳದಾವೋ ಇಲ್ಲೋ, ಚಾಲೂ ಆದ ಮ್ಯಾಲ ನೋಡೂಣು."

ನಮ್ಮ ಬಜೆಟ್ಟಿಗೆ ಹಳೆಯದೇ ಸೈ. ಆದರೆ ಫೋನಿನಲ್ಲಿ ಹೆಡ್‌ಮಾಸ್ತರು ನಿಯಮ ಹೇಳಿದರು: ಮೂರು ಅಂಗಡಿಯ ಕೊಟೇಶನ್ ಬೇಕೇ ಬೇಕು. ಇನ್ನೆರಡು ಅಂಗಡಿಗೆ ನಡೆದೆ. ಇಬ್ಬರೂ ಚಹಾ ಕೊಟ್ಟರು, ಕೂರಿಸಿದರು, ಆಮೇಲೆ ರೇಟು ಕೇಳಲು ಫೋನ್ ಮಾಡಿದರು. ಇಬ್ಬರೂ ಮಾಡಿದ್ದು ಇದೇ ಭಾಯಿಗೆ.

ತೇವ

ತಿರುಗಿ ಬಂದರೆ ಭಾಯಿ ಕೆಟ್ಟ ಬೋರ್ಡನ್ನು ಬೆಳಕಿಗೆ ಹಿಡಿದಿದ್ದರು. ಅದರ ಮೇಲೆ ಕುಂಕುಮ, ನಾಲ್ಕು ಅಕ್ಷತೆಕಾಳು, ಒಣಗಿದ ಚೆಂಡುಹೂವಿನ ಎಸಳು. "ಅರೇ ಮಾಮಾ, ಇದಕ್ಕ ನೀರ ಹಾಕಿದವರು ಯಾರ್ರಿ?"

ಮಾಮಾ ನನ್ನನ್ನು ಹೊರಗೆ ಕರೆದರು. "ಖಂಡೇನವಮಿ ದಿನ ಆಯುಧ ಪೂಜಿಗೆ ಕಾಯಿ ಒಡದು ನೀರ ಚಿಮುಕ್ಸಿದಾಂವ ನಾನ ರಿ. ನನ್ನ ಪೆನ್ಶನ್ ಕಾಗದ ಇದರಾಗ ಅದಾವಂತ ಈ ಸಲ ಪೂಜಿ ಜರಾ ಜಾಸ್ತಿನ ಮಾಡಿದ್ನಿ. ಸರ್‌ಗೆ ಹೇಳಬ್ಯಾಡ್ರಿ."

ನನಗೆ ಪಾಪ ಅನ್ನಿಸಿತು. ಭಾಯಿಗೂ ಅನ್ನಿಸಿರಬೇಕು. ಬಿಲ್ಲಿನಲ್ಲಿ ಅವರು ಬರೆದದ್ದು ಇಷ್ಟೇ: 'ತೇವದಿಂದ ಕೆಟ್ಟಿದೆ.'

ಮರುದಿನ ಹೆಡ್‌ಮಾಸ್ತರು ಬಿಲ್ಲನ್ನು ಎರಡು ಸಲ ಓದಿದರು. ಕಿಟಕಿಯಾಚೆಯ ಕೆಂಧೂಳನ್ನೂ ನೋಡಿದರು. "ಈ ಜತ್ತ ತಾಲೂಕಿನ್ಯಾಗ ತೇವ ಎಲ್ಲಿಂದ ಬಂತಪಾ!"

ಕಾಯಿ

ಭಾಯಿ ಬೋರ್ಡು ಹಾಕಿ ಕಳಿಸಿದ ಕಂಪ್ಯೂಟರನ್ನು ಶನಿವಾರ ಚಾಲೂ ಮಾಡಿದೆವು. ಮಾಮಾ ಬಾಗಿಲ ಹೊರಗೇ ಕೈಮುಗಿದು ನಿಂತಿದ್ದರು. ಪರದೆ ಬೆಳಗಿತು, ಫೈಲು ಇತ್ತು, ಪ್ರಸ್ತಾವ ಮೇಲಿನ ಆಫೀಸಿಗೆ ಹೋಯಿತು.

ಅಷ್ಟರಲ್ಲಿ ಹೆಡ್‌ಮಾಸ್ತರು ಚೀಲದಿಂದ ತೆಂಗಿನಕಾಯಿ ತೆಗೆದರು. "ಬೋರ್ಡ್ ಬಂದೇತಿ, ಕಾಯಿ ಒಡೀದ ಹೆಂಗ ಬಿಡೂದು?"

ಮಾಮಾ ಓಡಿಬಂದು ಕಂಪ್ಯೂಟರನ್ನು ತಬ್ಬಿಕೊಂಡರು. "ಬ್ಯಾಡ್ರಿ ಸರ್! ಒಡ್ಯೂದಿದ್ರ ನನ್ನ ತಲಿ ಮ್ಯಾಲ ಒಡೀರಿ! ಅವತ್ತ ಕಾಯಿ ನೀರ ಚಿಮುಕ್ಸಿ ಇದನ್ನ ಕೆಡಿಸಿದಾಂವ ನಾನ ರಿ!"

ಹೆಡ್‌ಮಾಸ್ತರು ಕಾಯಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದರು. ಸಣ್ಣ ದನಿಯಲ್ಲಿ ಅಂದರು: "ಮಾಮಾ, ನೀವು ಹಾಕಿದ್ದು ನಾಕ ಹನಿ. ನೀವು ಹೋದ ಮ್ಯಾಲ, ತೀರ್ಥ ಚೆಲ್ಲಬಾರದು ಅಂತ, ಬಟ್ಟಲದಾಗ ಉಳದದ್ದೆಲ್ಲಾ ನಾನ ಅದರ ಮ್ಯಾಲ ಸುರದಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ, ಆದರೆ ಸ್ವಲ್ಪ ಕಡಿಮೆ. ಖಂಡೇನವಮಿಗೆಂದು ಒಳಗಿನ ಧೂಳು ಒರೆಸಲು ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಮತ್ತೆ ಹಾಕದೆ ಹೋಳಿಗೆ ಊಟಕ್ಕೆ ಓಡಿದವನೂ, ರಜೆ ಮುಗಿಸಿ ಬಂದು ಒಳಗೆ ನೋಡದೆಯೇ ಸದ್ದಿಲ್ಲದೆ ಮುಚ್ಚಿದವನೂ ನಾನೇ.