ನಮ್ಮ ಓಣಿಯ ಗ್ರೂಪು, ಗೌಡರ ಕಲ್ಲು

ನೆರೆಹೊರೆಯವರನ್ನು ಪ್ರೀತಿಸಬೇಕು ಎಂದು ಹೇಳಿದ ಹಿರಿಯರು ಯಾರೂ ನೆರೆಹೊರೆಯವರ ಇ-ಮೇಲ್ ಓದಿದವರಲ್ಲ. ನಾನು ಎರಡು ವರ್ಷ ಓದಿದ್ದೇನೆ. ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಮೊದಲು ಕಂಪ್ಯೂಟರ್ ತಂದವನು ನಾನು. ಕಾಲೇಜಿನಲ್ಲಿ ಕನ್ನಡ ಕಲಿಸುವವನಿಗೆ ಅದೇಕೆ ಬೇಕಿತ್ತು ಎಂದು ನನ್ನ ಹೆಂಡತಿ ಆಗಲೂ ಕೇಳಿದ್ದಳು, ಈಗಲೂ ಕೇಳುತ್ತಾಳೆ. ನಳದ ನೀರು ಯಾವಾಗ ಬಿಡುತ್ತಾರೆ, ಬೀದಿದೀಪ ಯಾಕೆ ಹತ್ತಿಲ್ಲ ಎಂದು ಬೆಳಗಾದರೆ ಬಾಗಿಲು ಬಡಿಯುವವರ ಕಾಟ ತಪ್ಪಲಿ ಎಂದು, ಓಣಿಯವರಿಗಾಗಿಯೇ ಅಂತರ್ಜಾಲದಲ್ಲಿ ಒಂದು ಚರ್ಚಾ ಗ್ರೂಪು ತೆರೆದೆ. ಒಬ್ಬರು ಬರೆದರೆ ಅದು ಅಮೆರಿಕಾದ ಯಾವುದೋ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಎಲ್ಲರಿಗೂ ತಲುಪುತ್ತಿತ್ತು. ಕೆಲವರು ಅಂಗಡಿಯಿಂದ, ಕೆಲವರು ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಸೆಂಟರಿನಿಂದ ಬರೆಯತೊಡಗಿದರು. ಬಾಗಿಲು ಬಡಿಯುವುದೇನೋ ನಿಂತಿತು. ಆದರೆ ಮುಖ ನೋಡಿ ಮೂರು ಮಾತಿನಲ್ಲಿ ಮುಗಿಯುತ್ತಿದ್ದ ಜಗಳ ಈಗ ಮೂರು ವಾರ ನಡೆಯತೊಡಗಿತು. ನಮ್ಮದು 'ಓಣಿ'ಯೋ 'ಕಾಲನಿ'ಯೋ ಎಂಬ ಚರ್ಚೆಯೇ ಒಂದು ತಿಂಗಳು ನಡೆದು, ಕೊನೆಗೆ ಇಬ್ಬರು ಮಾತು ಬಿಟ್ಟರು.

ಎದುರು ಮನೆಯ ಟೇಲರ್ ಖಾದರಸಾಬರು ಗ್ರೂಪಿಗೆ ಸೇರಲು ಒಪ್ಪಲೇ ಇಲ್ಲ. "ಸರ್, ನೀವು ಈ ಕಟ್ಟಿಮ್ಯಾಲ, ನಾನು ಆ ಕಟ್ಟಿಮ್ಯಾಲ. ಕೈ ಎತ್ತಿದ್ರ ಕಾಣಸ್ತೈತಿ. ನಡುವ ಅಮೆರಿಕಾ ಯಾಕ ಬೇಕ್ರಿ?" ಎಂದರು. ಮುಂದುವರಿಯದ ಜನ ಎಂದುಕೊಂಡು ನಾನು ನಕ್ಕಿದ್ದೆ.

ಓಣಿಯ ಮೂಲೆಯ ಮನೆ ಮಲ್ಲನಗೌಡರದು. ಹಲಗೇರಿಯಲ್ಲಿ ಹೊಲ ಮಾಡಿಸುತ್ತ, ಸಂಜೆ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹೋಗಿಬರುವವರನ್ನೆಲ್ಲ ಮಾತಾಡಿಸುವ ದೊಡ್ಡ ಜೀವ. ಅವರು ಮೂಲೆಯಲ್ಲಿ ಒಂದು ದೊಡ್ಡ ಕಲ್ಲು ಇಡಿಸಿದ್ದರು. ಒಂದು ಸಂಜೆ ನನ್ನ ಸ್ಕೂಟರು ಅದಕ್ಕೆ ಬಡಿದು ನಾನು ಬಿದ್ದೆ. ಮೊಣಕಾಲು ತರಚಿತು. ಓಡಿಬಂದು ನನ್ನನ್ನು ಎಬ್ಬಿಸಿ, ನೀರು ಕುಡಿಸಿದವರು ಗೌಡರೇ. ಆಗ "ಗೌಡ್ರ, ಈ ಕಲ್ಲ ತಗಸ್ರಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಗ್ರೂಪಿನ ಸ್ಥಾಪಕ. ಮನೆಗೆ ಕುಂಟುತ್ತ ಬಂದವನೇ ಬರೆದೆ: "ಗೌಡ್ರ ಮನಿ ಮುಂದ ದೊಡ್ಡ ಕಲ್ಲ ಐತಿ. ಎಲ್ಲಾರೂ ಹುಷಾರಿರ್ರಿ."

ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ನಮ್ಮ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಹಾಕಿದರೆ ಓದುವವರಿಗೆ ಬರೀ ಚೌಕಗಳು ಕಾಣುತ್ತವೆ. ಇಂಗ್ಲಿಷಿನಲ್ಲಿ ಲಕಾರಕ್ಕೂ ಳಕಾರಕ್ಕೂ ಇರುವುದು ಒಂದೇ ಅಕ್ಷರ. ಗೌಡರ ಪರವಾಗಿ ಗ್ರೂಪಿಗೆ ಸೇರಿದ್ದ, ಹಾವೇರಿಯಲ್ಲಿದ್ದ ಅವರ ಅಳಿಯ ಅದನ್ನು ಓದಿದ. ಸಂಜೆಯೆಲ್ಲ ಮನೆಯ ಮುಂದೆ ಕೂಡುವವರು ಅವನ ಮಾವನೇ ಅಲ್ಲವೆ? ಕೂಡಲೇ ಮಾವನಿಗೆ ಫೋನು ಹಚ್ಚಿದ.

ಮರುದಿನ ಬೆಳಿಗ್ಗೆ ಗೌಡರು ನನ್ನ ಬಾಗಿಲಲ್ಲಿ ನಿಂತಿದ್ದರು.

"ಸರ್, ನಿನ್ನೆ ನಿಮ್ಮನ್ನ ಎತ್ತಿ ಕುಂದರಿಸಿದಾಂವ ನಾನು. ನನಗ ಕಳ್ಳ ಅಂತ ಬರದೀರಂತ?"

"ಅಯ್ಯೋ ಗೌಡ್ರ, ಕಳ್ಳ ಅಲ್ರಿ, ಕಲ್ಲ! ಕಲ್ಲ!"

"ಅದೂ ಇರ್ಲಿ. ಕಳ್ಳ 'ಅದಾನ' ಅಂತಾದ್ರೂ ಬರೀಬಾರದಾಗಿತ್ತೇನ್ರಿ? 'ಐತಿ' ಅಂದೀರಿ. ದನಕ್ಕ ಅಂದಂಗ."

"ಐತಿ ಅಂದಿದ್ದಕ್ಕನ ಅದು ಕಲ್ಲ ಅಂತ ಗೊತ್ತಾಗ್ತೈತ್ರಿ. ವ್ಯಾಕರಣದ ಪ್ರಕಾರ..."

"ವ್ಯಾಕರಣ ನಮ್ಮ ಅಳಿಯಗ ಹೇಳ್ರಿ" ಎಂದು ಗೌಡರು ಹೊರಟೇಬಿಟ್ಟರು.

ನಾನು ತಕ್ಷಣ ತಿದ್ದುಪಡಿ ಕಳಿಸಿದೆ: "ಗೌಡರು ಕಳ್ಳ ಅಲ್ಲ." ಮೊದಲನೆಯದನ್ನು ಓದದೆ ಬಿಟ್ಟವರೂ ಇದನ್ನು ಓದಿದರು. ಮಧ್ಯಾಹ್ನದೊಳಗೆ ಉತ್ತರಗಳ ರಾಶಿ. ಅಲ್ಲ ಎಂದು ಹೇಳುವ ಪ್ರಸಂಗ ಯಾಕೆ ಬಂತು ಎಂದು ಒಬ್ಬರು ಕೇಳಿದರೆ, ಹೋದ ವರ್ಷ ನಮ್ಮ ತಾಮ್ರದ ಕೊಡ ಕಳುವಾಗಿತ್ತು, ಈಗ ವಿಚಾರಿಸಬಹುದೆ ಎಂದು ಇನ್ನೊಬ್ಬರು. ನನ್ನ ಹೆಂಡತಿ ಬಂದು, "ಇನ್ನೊಂದು ಅಕ್ಷರ ಬರದ್ರ ಆ ಕಂಪ್ಯೂಟರಿಗೆ ಹಚ್ಚಿದ ಫೋನಿನ ವೈರ್ ಕತ್ತರಸ್ತೇನಿ ನೋಡ್ರಿ" ಎಂದಳು.

ಗೌಡರು ಅಂದಿನಿಂದ ಹೊರಗೆ ಕೂಡುವುದನ್ನು ಬಿಟ್ಟರು. ಸಂಜೆ ಆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಮೂರನೆಯ ದಿನ ತಡೆಯಲಾರದೆ ಮನೆಮನೆಗೆ ನಡೆದುಹೋದೆ. ಪ್ರತಿ ಬಾಗಿಲಲ್ಲೂ ನಾಲಿಗೆಯನ್ನು ಹಲ್ಲಿಗೆ ತಾಗಿಸಿ, "ಕಲ್ಲ, ಕಲ್ಲ" ಎಂದು ತೋರಿಸಿದೆ. ನೀರಿನ ವಿಷಯದಲ್ಲಿ ನನ್ನೊಡನೆ ಒಂದು ತಿಂಗಳು ಗುದ್ದಾಡಿದ್ದ ಸದಸ್ಯರೊಬ್ಬರು ಬಾಗಿಲು ತೆರೆದು, "ಓಹೋ, ನೀವೇನ್ರಿ ಅವ್ರು? ಬರಿಯೂದು ನೋಡಿ ಭಾಳ ದಪ್ಪ ಅದೀರಿ ಅಂದ್ಕೊಂಡಿದ್ದೆ" ಎಂದು ಚಹಾ ಕುಡಿಸಿ ಕಳಿಸಿದರು. ಕೊನೆಗೆ ಖಾದರಸಾಬರೂ ನಾನೂ ಕೂಡಿ ಗೌಡರ ಮನೆಗೆ ಹೋದೆವು. ಏನೂ ವಿವರಿಸದೆ, "ತಪ್ಪಾತ್ರಿ" ಎಂದೆ. ಗೌಡರು, "ನಿಮ್ಮ ಕಾಲ ಹೆಂಗೈತಿ?" ಎಂದು ಕೇಳಿದರು. ನನಗೆ ಕಣ್ಣು ತುಂಬಿತು. ಅಂದೇ ಸಂಜೆ ಆ ಕಲ್ಲನ್ನು ಅವರು ತಮ್ಮ ಹಿತ್ತಲಿಗೆ ಉರುಳಿಸಿದರು.

ವಾರವೂ ಆಗಿರಲಿಲ್ಲ. ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೊತ್ತ ಟ್ರ್ಯಾಕ್ಟರೊಂದು ಅಡ್ಡದಾರಿ ಹಿಡಿದು ಆ ಮೂಲೆಯಲ್ಲಿ ತಿರುಗಿ, ನಮ್ಮ ಗೇಟಿನ ಮುಂದಿನ ಗಟಾರದ ಹಾಸುಬಂಡೆಯನ್ನು ಮುರಿದುಹಾಕಿತು. ಗಟಾರದ ನೀರೆಲ್ಲ ನಮ್ಮ ಅಂಗಳಕ್ಕೆ. ಗೌಡರು ಬಂದು ನೋಡಿ, "ಟ್ರ್ಯಾಕ್ಟರ್ ತಿರಗಬಾರದು ಅಂತನ ಇಟ್ಟಿದ್ದೆ ನೋಡ್ರಿ" ಎಂದರು. ನನಗದು ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

ಮೂಗು ಮುಚ್ಚಿಕೊಂಡು ಎರಡು ದಿನ ಕಳೆದು ಅವರ ಮನೆಗೆ ಹೋದೆ. ಗೌಡರು ಅಳಿಯ ತಂದುಕೊಟ್ಟ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ಏನೋ ಒತ್ತುತ್ತಿದ್ದರು. ಕಲ್ಲನ್ನು ಮತ್ತೆ ಇಡಿಸಲು ಸಾಧ್ಯವೆ ಎಂದು ಮೆಲ್ಲಗೆ ಕೇಳಿದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ನಾನೂ ಈಗ ಮೆಂಬರ್ ಅದೇನ್ರಿ, ಸರ್. ಓಣಿ ವಿಷಯ ಹಿಂಗ ಬಾಯಿಲೆ ಹೇಳಿದ್ರ ನಡಿಯಂಗಿಲ್ಲ. ಗ್ರೂಪಿನ್ಯಾಗ ಬರೀರಿ, ನೋಡೋಣು."

ಅರ್ಧ ಗಂಟೆಯಿಂದ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ಗೌಡರ ಮನೆಯ ಮುಂದೆ ಮತ್ತೆ ಒಂದು ದೊಡ್ಡದು ಬೇಕು ಎನ್ನುವವರೆಗೆ ಬರೆದಾಗಿದೆ. ಏನು ಬೇಕು ಎಂದು ಅದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕೈ ಏಳುತ್ತಿಲ್ಲ.